ಎಚ್‌ಎಸ್‌ಟಿ ಕ್ವಿಲ್ಟ್: ತ್ರಿಕೋನದ ಮೂಲೆಗಳು ಕೂಡುತ್ತಿಲ್ಲ, ಅಮ್ಮನ ಸೀರೆಗೆ ಕತ್ತರಿ ಹಾಕುವ ಮೊದಲು ಸಲಹೆ ಬೇಕು

ಸೂಜಿಮೊನೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಮ್ಮನ ಹಳೆ ಹತ್ತಿ ಸೀರೆಗಳು ಒಂದು ಟ್ರಂಕಿನ ತುಂಬ ಇವೆ. ಉಡುವ ಹಾಗಿಲ್ಲ, ಯಾರಿಗಾದರೂ ಕೊಡೋಣವೆಂದರೆ ಮನಸ್ಸು ಬರುತ್ತಿಲ್ಲ. ಕತ್ತರಿಸಿ ಸಿಂಗಲ್ ಮಂಚಕ್ಕಾಗುವಷ್ಟು ಒಂದು ಕ್ವಿಲ್ಟ್, ಅಂದರೆ ತುಂಡುಬಟ್ಟೆ ಜೋಡಿಸಿದ ಪದರದ ಹೊದಿಕೆ, ಹೊಲಿಯುವ ಆಸೆ. ಆರಿಸಿಕೊಂಡಿರುವುದು ಹಾಫ್ ಸ್ಕ್ವೇರ್ ಟ್ರಯಾಂಗಲ್, ಎಲ್ಲರೂ ಎಚ್‌ಎಸ್‌ಟಿ ಅನ್ನುತ್ತಾರಲ್ಲ, ಅದೇ. ಒಂದು ಚೌಕ, ಮೂಲೆಯಿಂದ ಮೂಲೆಗೆ ಒಂದು ಹೊಲಿಗೆ, ಒಂದು ಬದಿ ತಿಳಿಬಣ್ಣ, ಇನ್ನೊಂದು ಬದಿ ಗಾಢ. ನೋಡಿದರೆ ಇದಕ್ಕಿಂತ ಸುಲಭದ್ದು ಇಲ್ಲ ಅನ್ನಿಸುತ್ತೆ.

ಸೀರೆ ಮುಟ್ಟುವ ಮೊದಲು ಟೈಲರ್ ಕೊಟ್ಟ ಚೂರುಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳುತ್ತಿದ್ದೇನೆ. ತ್ರಿಕೋನ ಕತ್ತರಿಸಿ, ಎರಡೆರಡು ಸೇರಿಸಿ, ನಾಲ್ಕು ಚೌಕದ ಗಿರಗಿಟ್ಲೆ ಮಾಡಿ ನೋಡಿದೆ. ಒಂದು ಚೌಕ ಇನ್ನೊಂದರ ಅಳತೆಗೆ ಬರುವುದಿಲ್ಲ. ಕರ್ಣದ ಅಂಚು ಅಲೆಅಲೆಯಾಗಿ ಎಳೆದುಕೊಳ್ಳುತ್ತೆ. ತ್ರಿಕೋನದ ಚೂಪು ತುದಿ ಪಕ್ಕದ ಹೊಲಿಗೆಯೊಳಗೆ ಹೋಗಿ ಮೊಂಡಾಗುತ್ತೆ. ಸಾಲದ್ದಕ್ಕೆ ಗಿರಗಿಟ್ಲೆಯ ನಟ್ಟನಡುವೆ ಬೆರಳಿಗೆ ಸಿಗುವಷ್ಟು ಗಂಟು. ನನ್ನದು ಹಳೆ ಕಾಲಿನ ಮೆಷಿನ್, ಕತ್ತರಿ, ಸಾದಾ ಸ್ಕೇಲು. ಇಷ್ಟರಲ್ಲೇ ಆಗುತ್ತದೆಯೇ ಅಥವಾ ಸಾಮಾನು ಕೊಳ್ಳಲೇಬೇಕೇ?

ಲೆಕ್ಕದ ಟೇಪು (ಬೆಂಗಳೂರು)

ತ್ರಿಕೋನ ಕತ್ತರಿಸಿ ಆಮೇಲೆ ಹೊಲಿಯುವುದನ್ನು ಮೊದಲು ಬಿಡಿ. ಬಟ್ಟೆ ನೇಯ್ದಿರುವುದು ಉದ್ದಕ್ಕೆ ಮತ್ತು ಅಡ್ಡಕ್ಕೆ. ಆ ಎರಡು ದಿಕ್ಕಿನಲ್ಲಿ ಎಳೆದರೆ ಹೆಚ್ಚು ಜಗ್ಗುವುದಿಲ್ಲ. ಕ್ರಾಸ್ ಆಗಿ ಕತ್ತರಿಸಿದ ಅಂಚನ್ನು ಕೈಯಲ್ಲಿ ಹಿಡಿದರೂ ಸಾಕು, ಜಗ್ಗುತ್ತದೆ. ಬ್ಲೌಸಿನ ಕ್ರಾಸ್ ಪಟ್ಟಿ ಕತ್ತಿನ ಸುತ್ತ ಬಾಗಿ ಕೂರುವುದು ಇದೇ ಗುಣದಿಂದ. ಅಲ್ಲಿ ಅದು ಬೇಕು, ಇಲ್ಲಿ ಬೇಡ.

ಹಾಗಾಗಿ ಹೊಲಿಗೆ ಮೊದಲು, ಕತ್ತರಿ ಆಮೇಲೆ. ತಿಳಿಬಣ್ಣದ ಒಂದು ಚೌಕ, ಗಾಢಬಣ್ಣದ ಒಂದು ಚೌಕ, ಒಳಮೈ ಹೊರಗೆ ಬರುವಂತೆ ಒಂದರ ಮೇಲೊಂದು ಇಡಿ. ತಿಳಿ ಚೌಕದ ಬೆನ್ನಿನ ಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಮೇಲೆ ಹೊಲಿಯಬೇಡಿ. ಗೆರೆಯಿಂದ ಕಾಲು ಇಂಚು ಆಚೆ ಒಂದು ಹೊಲಿಗೆ, ಕಾಲು ಇಂಚು ಈಚೆ ಇನ್ನೊಂದು. ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಬಿಡಿಸಿದರೆ ಎರಡು ಎಚ್‌ಎಸ್‌ಟಿ ಸಿದ್ಧ, ಕ್ರಾಸ್ ಅಂಚು ಹೊಲಿಗೆಯೊಳಗೆ ಬಂದಿ.

ಅಳತೆಗೆ ಬರೋಣ. ಪುಸ್ತಕದ ಲೆಕ್ಕ ಏನೆಂದರೆ, ಹೊಲಿದು ಮುಗಿದ ಮೇಲೆ ಎಷ್ಟಿಂಚಿನ ಚೌಕ ಕಾಣಬೇಕೋ ಅದಕ್ಕೆ 7/8 ಇಂಚು ಸೇರಿಸಿ ಕತ್ತರಿಸಬೇಕು. 4 ಇಂಚು ಬೇಕಿದ್ದರೆ 4 7/8. ಇದು ಎಲ್ಲಿಂದ ಬಂತು? ಸುತ್ತಲಿನ ಹೊಲಿಗೆಗೆ ಎರಡು ಬದಿ ಸೇರಿ ಅರ್ಧ ಇಂಚು ಬೇಕು. ಕರ್ಣದ ಹೊಲಿಗೆ ನುಂಗುವ ಕಾಲು ಇಂಚು ಓರೆಯಾಗಿ ಬೀಳುವುದರಿಂದ ಚೌಕದ ಬದಿಯಲ್ಲಿ ಅಳೆದರೆ ಸುಮಾರು 3/8 ಆಗುತ್ತದೆ. ಎರಡೂ ಸೇರಿ 7/8. ಲೆಕ್ಕ ಸರಿ, ಆದರೆ ಮನುಷ್ಯರ ಕೈಗೆ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ನಾನು ಪೂರ್ತಿ 1 ಇಂಚು ಸೇರಿಸಿ 5 ಇಂಚಿಗೆ ಕತ್ತರಿಸುತ್ತೇನೆ. ಹೊಲಿದು ಬಿಡಿಸಿದಾಗ 4 5/8ರ ಆಸುಪಾಸು ಬರುತ್ತದೆ. ಅದನ್ನು 4 1/2 ಇಂಚಿಗೆ ಸವರಿ ಸಮ ಮಾಡುತ್ತೇನೆ. ಸೋರಿಹೋಗುವ ಬಟ್ಟೆ ಒಂದು ಎಳೆಯಷ್ಟು. ಬದಲಿಗೆ ಎಲ್ಲ ಚೌಕವೂ ಒಂದೇ ಅಳತೆ.

ರಾಶಿ ಬೇಕಿದ್ದರೆ ಒಂದೇ ಸಲ ಎಂಟು ಮಾಡಬಹುದು. 10 ಇಂಚಿನ ಎರಡು ಚೌಕ ತಗೊಳ್ಳಿ. ಎರಡೂ ಕರ್ಣಕ್ಕೆ ಗೆರೆ ಹಾಕಿ, ಪ್ರತಿ ಗೆರೆಯ ಎರಡೂ ಬದಿ ಕಾಲು ಇಂಚಿಗೆ ಹೊಲಿದು, ಮೊದಲು ನಡುಮಧ್ಯಕ್ಕೆ ಉದ್ದಡ್ಡ ನಾಲ್ಕು ಭಾಗ ಮಾಡಿ, ಆಮೇಲೆ ಕರ್ಣದ ಮೇಲೆ ಕತ್ತರಿಸಿ. ಅದೇ 4 1/2 ಇಂಚಿನ ಎಂಟು ಚೌಕ ಸಿಗುತ್ತವೆ.

ಸುತ್ತಲೂ ಹೊಲಿದು ನಾಲ್ಕು ಭಾಗ ಮಾಡುವ ವಿಡಿಯೋಗಳೂ ಓಡಾಡುತ್ತಿವೆ. ಬೇಗ ಆಗುತ್ತದೆ ನಿಜ, ಆದರೆ ಅದರಲ್ಲಿ ಸಿಗುವ ಚೌಕದ ನಾಲ್ಕೂ ಹೊರ ಅಂಚು ಕ್ರಾಸ್. ಹಳೆ ಸೀರೆಗೆ ಖಂಡಿತ ಬೇಡ.

ಹಾಸನ ಟೈಲರ್

ಮೇಡಂ, ಕಾಲಿನ ಮೆಷಿನ್ ಬಗ್ಗೆ ಚಿಂತೆ ಬೇಡ. ನಿಧಾನವಾಗಿ ಓಡಿಸಬಹುದು, ಒಂದು ಹೊಲಿಗೆ ಹಿಂದೆ ಮುಂದೆ ನಿಲ್ಲಿಸಬಹುದು, ಇಂಥ ಕೆಲಸಕ್ಕೆ ಅದೇ ಒಳ್ಳೆಯದು. ಸಮಸ್ಯೆ ಕಾಲು ಇಂಚಿಂದು. ನಮ್ಮ ಕಡೆ ಸಿಗುವ, ಬಟ್ಟೆ ಒತ್ತಿ ಹಿಡಿಯುವ ಪ್ರೆಷರ್ ಫುಟ್‌ನ ಅಂಚು ಸೂಜಿಯಿಂದ ಸರಿಯಾಗಿ ಕಾಲು ಇಂಚಿಗೆ ಇರುತ್ತೆ ಅಂತ ನಂಬಬೇಡಿ. ಟೇಪನ್ನು ಸೂಜಿಯ ಕೆಳಗಿಟ್ಟು, ಚಕ್ರ ಕೈಯಲ್ಲಿ ತಿರುಗಿಸಿ ಸೂಜಿಯನ್ನು ಕಾಲು ಇಂಚಿನ ಗೆರೆ ಮೇಲೆ ಇಳಿಸಿ. ಟೇಪಿನ ತುದಿ ಎಲ್ಲಿ ಬರುತ್ತೋ ಅಲ್ಲಿ ಪ್ಲೇಟಿನ ಮೇಲೆ ಮೆಡಿಕಲ್ ಶಾಪಲ್ಲಿ ಸಿಗುವ ಬಿಳಿ ಟೇಪನ್ನ ಎರಡು ಮೂರು ಪದರ ಅಂಟಿಸಿ. ಬಟ್ಟೆ ಅದಕ್ಕೆ ತಾಗಿಕೊಂಡು ಹೋಗಲಿ.

ಸರಿ ಇದೆಯಾ ಅಂತ ನೋಡೋಕೆ ಒಂದೂವರೆ ಇಂಚಿನ ಮೂರು ಪಟ್ಟಿ ಕತ್ತರಿಸಿ ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ. ಒಟ್ಟು ಅಗಲ ಮೂರೂವರೆ ಬರಬೇಕು, ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು. ಕಮ್ಮಿ ಬಂದರೆ ಟೇಪನ್ನ ಕೂದಲೆಳೆಯಷ್ಟು ಸೂಜಿ ಕಡೆ ಸರಿಸಿ. ಬಟ್ಟೆ ಮಡಚುವಾಗ ಹೊಲಿಗೆ ಮೇಲೆ ಒಂದೆರಡು ಎಳೆ ನುಂಗುತ್ತೆ. ಅದಕ್ಕೇ ಕಾಲು ಇಂಚಿಗಿಂತ ಒಂದು ಎಳೆ ಕಮ್ಮಿ ಇಟ್ಟರೇ ಅಳತೆ ಕೂಡೋದು.

ಇನ್ನೊಂದು ಮಾತು. ಹಳೆ ಸೀರೆ ಮೆತ್ತಗಾಗಿರುತ್ತೆ, ಕತ್ತರಿ ಕೆಳಗೆ ಜಾರುತ್ತೆ. ಕತ್ತರಿಸೋ ಮುಂಚೆ ಗಂಜಿ ಹಾಕಿ. ಅನ್ನದ ತಿಳಿ ಸೋಸಿ ನೀರು ಬೆರೆಸಿ, ಸೀರೆ ಅದ್ದಿ, ನೆರಳಲ್ಲಿ ಒಣಗಿಸಿ, ತೇವ ಸ್ವಲ್ಪ ಇರುವಾಗಲೇ ಇಸ್ತ್ರಿ ಮಾಡಿದರೆ ಕಾಗದದ ಹಾಗೆ ನಿಲ್ಲುತ್ತೆ. ಕ್ರಾಸ್ ಎಳೆಯೋದು ಅರ್ಧಕ್ಕರ್ಧ ಅಲ್ಲೇ ಕಮ್ಮಿ.

ಹುಬ್ಬಳ್ಳಿ ಅತ್ತಿ

ಇಷ್ಟೆಲ್ಲಾ ಅಳತಿ, ಎಂಟನೇ ಏಳು, ಟೇಪು! ಅವ್ವನ ಸೀರಿ ಅಂದ್ರ ಕೌದಿ ಹೊಲಿಬೇಕಲ್ಲವಾ ತಂಗಿ? ನಮ್ಮ ಓಣಿಗೆ ಬ್ಯಾಸಗ್ಯಾಗ ಗೊಂದಲಿಗರ ಹೆಣ್ಣಮಕ್ಕಳು ಬರತಿದ್ರು. ವರ್ಷದ ಹರಕು ಸೀರಿ, ಧೋತರ, ಅಂಗಿ ಎಲ್ಲಾ ಗಂಟು ಕಟ್ಟಿ ಇಟ್ಟಿರತಿದ್ವಿ. ಅಂಗಳದಾಗ ಒಂದು ಇಡೀ ಸೀರಿ ಹಾಸಿ, ನಡುವ ಹಳೇ ಅರಿವಿ ಪದರ ಪದರ ಇಟ್ಟು, ಮ್ಯಾಲ ಬಣ್ಣಬಣ್ಣದ ತುಂಡು ಹೊಂದಿಸಿ, ದೊಡ್ಡ ಸೂಜಿಲೆ ಕೂತು ಹೊಲಿತಿದ್ರ ನೋಡಬೇಕಿತ್ತು. ಸ್ಕೇಲಿಲ್ಲ, ಗೆರಿ ಇಲ್ಲ. ಟಾಕಿ ಮಾತ್ರ ಬಿತ್ತಿದ ಸಾಲಿನಂಗ ಒಂದರ ಪಕ್ಕ ಒಂದು. ಇವತ್ತಿಗೂ ನಮ್ಮ ಮನ್ಯಾಗ ಹೊತ್ತಗೊಳ್ಳಾಕ ಅದs. ಅಮೇರಿಕಾದ ಪದ್ಧತಿ ಯಾಕ ಬೇಕು?

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಅತ್ತೆ, ನಿಮ್ಮ ಮಾತಿಗೆ ಅರ್ಧ ಹೌದು, ಅರ್ಧ ಇಲ್ಲ. ಅಮೆರಿಕದವರೆಲ್ಲ ಸ್ಕೇಲು ಹಿಡಿದು ಹೊಲಿಯುವವರು ಅಂದುಕೊಳ್ಳಬೇಡಿ. ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿನ ಕಪ್ಪು ಹೆಣ್ಣುಮಕ್ಕಳು ಸವೆದ ಕೆಲಸದ ಬಟ್ಟೆ, ಹರಿದ ಪ್ಯಾಂಟು ಹಾಕಿ, ಕಣ್ಣಳತೆಯಲ್ಲೇ ಹೊಲಿದ ಕ್ವಿಲ್ಟ್‌ಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂ ಗೋಡೆ ಏರಿದವು. 2006ರಲ್ಲಿ ಅವುಗಳ ಚಿತ್ರ ಇಲ್ಲಿನ ಅಂಚೆಚೀಟಿಯಲ್ಲೂ ಬಂತು. ನೋಡಿದರೆ ನಮ್ಮ ಕೌದಿಯ ಅಕ್ಕತಂಗಿ ಅನ್ನಬೇಕು.

ಚಕ್ರದ ಹಾಗೆ ಉರುಳುವ ಬ್ಲೇಡಿನ ರೋಟರಿ ಕಟರ್ ಅಂತೂ ತೀರ ಈಚಿನದು. ಜಪಾನಿನ ಓಲ್ಫಾ ಕಂಪನಿ ಅದನ್ನು ತಂದದ್ದು 1979ರಲ್ಲಿ. ಅದಕ್ಕೂ ಮೊದಲು ಇಲ್ಲಿನ ಅಜ್ಜಿಯರು ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕಿ, ಕತ್ತರಿಯಲ್ಲೇ ಸಾವಿರಾರು ತ್ರಿಕೋನ ಕತ್ತರಿಸಿದ್ದಾರೆ. ಹಾಗಾಗಿ ಸೂಜಿಮೊನೆಯವರೇ, ಸಾಮಾನಿಲ್ಲ ಅಂತ ನಿಲ್ಲಬೇಡಿ.

ಬೇರೆ ದೇಶದ ಪದ್ಧತಿ ಅನ್ನುವುದಕ್ಕೂ ಒಂದು ಮಾತು. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಎಂಬ ಮನೆಯಲ್ಲಿ 1708ರ ಸುಮಾರಿಗೆ ಹೊಲಿದ ತೇಪೆ ಹೊದಿಕೆ ಇದೆ. ಅದಕ್ಕೆ ಹಾಕಿರುವುದು ಭಾರತದಿಂದ ಹಡಗಿನಲ್ಲಿ ಹೋದ ಚೀಟಿ ಬಟ್ಟೆ, ಅಂದರೆ ಬಣ್ಣದ ಚಿತ್ತಾರದ ಹತ್ತಿ ಬಟ್ಟೆ. ಆ ಹೊತ್ತಿಗೆ ಅಲ್ಲಿನ ನೇಕಾರರು ಗಲಾಟೆ ಮಾಡಿ ನಮ್ಮ ಅಚ್ಚಿನ ಬಟ್ಟೆ ಬರದಂತೆ ಕಾನೂನನ್ನೇ ತರಿಸಿದ್ದರು. ಮನೆಯಲ್ಲಿದ್ದ ಚೂರನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು!

ಹಳಿಯಾಳದ ಮೇಷ್ಟ್ರು (ನಿವೃತ್ತ)

ಕೌದಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡಿದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿಯಲ್ಲೂ (ಅವರ ಕೌದಿ) ತ್ರಿಕೋನ ಇದೆ. ಆದರೆ ಅದು ಬರುವ ದಾರಿಯೇ ಬೇರೆ.

ನೆಲದ ಮೇಲೆ ಒಂದು ಸೀರೆ ಹಾಸಿರುತ್ತದೆ. ಹೊಲಿಯುವಾಕೆ ಒಂದು ಮೂಲೆಯಲ್ಲಿ ಕೂತು ತುಂಡಿನ ಅಂಚನ್ನು ಬೆರಳಲ್ಲೇ ಒಳಕ್ಕೆ ಮಡಚಿ, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಹೊಲಿಗೆ ಹಾಕುತ್ತ ಅಂಚಿನುದ್ದಕ್ಕೆ ಸಾಗುತ್ತಾಳೆ. ಪಿನ್ನಿಲ್ಲ, ಗುರುತಿಲ್ಲ. ಒಂದು ತುಂಡು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಅದರ ಕೆಳಗೆ ತೂರಿಸುತ್ತಾಳೆ. ಸುತ್ತಿ ಸುತ್ತಿ ಹೊಲಿಗೆ ನಡುವಿಗೆ ಬಂದು ಸೇರುತ್ತದೆ. ಅಂದರೆ ಮೇಲಿನ ತೇಪೆ ಜೋಡಿಸುವುದು, ಪದರಗಳನ್ನು ಬಂಧಿಸುವುದು, ಅಂಚು ಕಟ್ಟುವುದು ಮೂರೂ ಒಂದೇ ಸೂಜಿಯಲ್ಲಿ ಆಗಿಹೋಗುತ್ತವೆ. ನೀವು ಹೇಳುತ್ತಿರುವ ಪದ್ಧತಿಯಲ್ಲಿ ಇವು ಮೂರು ಬೇರೆ ಬೇರೆ ಕೆಲಸ.

ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಸೇರಿಸುತ್ತಾರೆ. ಅದನ್ನು ಫುಲ ಅನ್ನುತ್ತಾರೆ. ಫುಲ ಇಲ್ಲದ ಕವಂದಿ ಅವರ ಕಣ್ಣಿಗೆ ಮುಗಿದದ್ದಲ್ಲ. ಆ ತ್ರಿಕೋನವನ್ನು ಮಡಚಿಯೇ ಮಾಡುವುದರಿಂದ ಕ್ರಾಸ್ ಅಂಚು ಬಿಚ್ಚಿಕೊಳ್ಳುವ, ಎಳೆಯುವ ಪ್ರಶ್ನೆಯೇ ಏಳುವುದಿಲ್ಲ. ಸೀರೆ ತೀರ ಸವೆದಿದ್ದರೆ ಈ ದಾರಿಯನ್ನು ಯೋಚಿಸಿ ಅಂತ ನನ್ನ ಸಲಹೆ.

ಸೂಜಿಮೊನೆ (ಮೈಸೂರು)

ಒಂದೇ ದಿನಕ್ಕೆ ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಅತ್ತೆ, ಕೌದಿಗೆ ನನ್ನ ವಿರೋಧವೇನಿಲ್ಲ, ಸೀರೆಗಳಲ್ಲಿ ಗಟ್ಟಿ ಉಳಿಯದವನ್ನೆಲ್ಲ ಅದಕ್ಕೇ ಎತ್ತಿಡುತ್ತೇನೆ. ಆದರೆ ಈ ತಿಳಿ-ಗಾಢ ತ್ರಿಕೋನದ ಆಟ ತಲೆಗೆ ಹತ್ತಿಬಿಟ್ಟಿದೆ.

ಲೆಕ್ಕದ ಟೇಪು ಹೇಳಿದ ಹಾಗೆ ಗೆರೆಯ ಎರಡೂ ಬದಿ ಹೊಲಿದು ಆಮೇಲೆ ಕತ್ತರಿಸಿದೆ. ಅಲೆ ನಿಂತಿತು! ಹಾಸನದವರ ಟೇಪಿನ ಉಪಾಯವೂ ಕೆಲಸ ಮಾಡಿತು. ಸವರುವುದೇ ಕಷ್ಟ. ಸಾದಾ ಸ್ಕೇಲಿನಲ್ಲಿ ಚೌಕದ ನಾಲ್ಕೂ ಬದಿ ನೇರ ತರುವಷ್ಟರಲ್ಲಿ ಸಾಕುಸಾಕಾಗುತ್ತೆ. ಚೂಪು ತುದಿಯೂ ಇನ್ನೂ ಮೊಂಡೇ.

ಲೆಕ್ಕದ ಟೇಪು (ಬೆಂಗಳೂರು)

ಸವರುವುದಕ್ಕೆ ಬೋರ್ಡ್ ಬರೆಯುವ ಅಂಗಡಿಯಲ್ಲಿ ಪಾರದರ್ಶಕ ಅಕ್ರಿಲಿಕ್ ಶೀಟಿನ ಒಂದು ಚೌಕ ಕತ್ತರಿಸಿಕೊಳ್ಳಿ. ನಿಮಗೆ 6 ಇಂಚಿನ ಬ್ಲಾಕ್ (ಹೊಲಿದ ಒಂದು ಚೌಕ) ಬೇಕಿದ್ದರೆ ಶೀಟು ಸರಿಯಾಗಿ 6 1/2 ಇಂಚು. ಅದರ ಮೇಲೆ ಮೂಲೆಯಿಂದ ಮೂಲೆಗೆ ಪರ್ಮನೆಂಟ್ ಮಾರ್ಕರಿನಲ್ಲಿ ಗೆರೆ ಹಾಕಿ. ಆ ಗೆರೆಯನ್ನು ನಿಮ್ಮ ಕರ್ಣದ ಹೊಲಿಗೆಯ ಮೇಲೆ ಕೂರಿಸಿ ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿದರೆ ಮುಗಿಯಿತು. ಕಟರ್ ಇದ್ದರೆ ಪೆನ್ಸಿಲ್ ಕೂಡ ಬೇಡ, ಆದರೆ ಅಂಗಡಿಯಿಂದ ಬಂದ ಶೀಟು ತೀರ ತೆಳುವಾಗಿದ್ದರೆ ಬ್ಲೇಡು ಹತ್ತಿ ಬೆರಳಿಗೆ ಬರುತ್ತದೆ. ಕಡೇ ಪಕ್ಷ 3 ಮಿಲಿಮೀಟರ್ ದಪ್ಪದ್ದು ಕೇಳಿ.

ಮೂಲೆಗಳಲ್ಲಿ ಕಿವಿಯ ಹಾಗೆ ಚಾಚಿಕೊಂಡ ಚೂರುಗಳೂ ಇದೇ ಸವರುವಿಕೆಯಲ್ಲಿ ಹೋಗುತ್ತವೆ.

ಕಾಫಿತೋಟ (ಕೊಡಗು)

ನಾನೊಬ್ಬಳು ಸವರುವುದೇ ಇಲ್ಲ. 7/8 ಸೇರಿಸಿ ಸರಿಯಾಗಿ ಕತ್ತರಿಸು, ಸರಿಯಾಗಿ ಹೊಲಿ, ಸೀದಾ ಜೋಡಿಸು. ನೂರಾರು ಬ್ಲಾಕ್ ಕೂತು ಸವರುವಷ್ಟರಲ್ಲಿ ಇನ್ನೊಂದು ಕ್ವಿಲ್ಟ್ ಆಗುತ್ತೆ.

ಲೆಕ್ಕದ ಟೇಪು (ಬೆಂಗಳೂರು)

ಹೊಸ ಗಟ್ಟಿ ಕಾಟನ್ ಆದರೆ ನಿಮ್ಮ ಮಾತು ಒಪ್ಪುತ್ತೇನೆ. ಸವೆದ ಸೀರೆಯಲ್ಲಿ ಒಂದು ಬ್ಲಾಕು ಒಂದು ಎಳೆ ಹೆಚ್ಚು, ಇನ್ನೊಂದು ಎರಡು ಎಳೆ ಕಮ್ಮಿ ಬಂದೇ ಬರುತ್ತದೆ. ಹತ್ತು ಬ್ಲಾಕಿನ ಸಾಲು ಹೊಲಿಯುವಾಗ ಆ ಎಳೆಗಳೆಲ್ಲ ಕೂಡಿ ಅರ್ಧ ಇಂಚು ಆಗಿ ಕೂತಿರುತ್ತವೆ. ಆಗ ಎಳೆದು ಹೊಂದಿಸಲು ಹೋದರೆ ಇಡೀ ಸಾಲೇ ಸೊಟ್ಟ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಚೂಪು ತುದಿಯ ಮಾತು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಸವರಿದ ಬ್ಲಾಕಿನಲ್ಲಿ ಕರ್ಣದ ಹೊಲಿಗೆ ಸರಿಯಾಗಿ ಮೂಲೆಯಿಂದಲೇ ಹೊರಡುತ್ತೆ. ಪಕ್ಕದ ಬ್ಲಾಕಿಗೆ ಕಾಲು ಇಂಚಿಗೆ ಹೊಲಿದಾಗ ಆ ಮೂಲೆ ಹೊಲಿಗೆಯೊಳಗೆ ಹೋಗಿ, ಒಳಗಿನ ಚೂಪು ಮಾತ್ರ ಕಾಣಬೇಕು. ಎರಡು ಬ್ಲಾಕ್ ಸೇರಿಸಿದ ಮೇಲೆ ಬೆನ್ನು ತಿರುಗಿಸಿ ನೋಡಿ. ಹೊಲಿಗೆಗಳು ಒಂದನ್ನೊಂದು ದಾಟುವಲ್ಲಿ ಗುಣಾಕಾರದ ಚಿಹ್ನೆಯಂತೆ ಒಂದು ಗುರುತು ಕಾಣುತ್ತೆ. ಮುಂದಿನ ಹೊಲಿಗೆ ಆ ಚಿಹ್ನೆಯ ನಟ್ಟನಡುವೆ ಹಾದು ಹೋಗಬೇಕು, ಒಂದು ಎಳೆ ಅಂಚಿನ ಕಡೆಗೆ ಹೋದರೂ ಪರವಾಗಿಲ್ಲ. ಒಳಗೆ ಮಾತ್ರ ಹೋಗಬಾರದು, ಹೋದರೆ ತುದಿ ಕತ್ತರಿಸಿದಂತೆಯೇ. ಹೀಗಾಗಿ ಯಾವ ಬದಿಯಲ್ಲಿ ಆ ಚಿಹ್ನೆ ಕಾಣುತ್ತದೋ ಆ ಬದಿಯನ್ನೇ ಮೇಲಿಟ್ಟು ಹೊಲಿಯಿರಿ. ಕೆಳಗಿಟ್ಟು ಹೊಲಿದರೆ ಕಣ್ಣು ಕಟ್ಟಿ ಹೊಲಿದ ಹಾಗೆ.

ಇಸ್ತ್ರಿಯಲ್ಲಿ ಒಂದು ಎಚ್ಚರ. ಅಂಗಿಗೆ ಉಜ್ಜುವ ಹಾಗೆ ಉಜ್ಜಬೇಡಿ. ಒತ್ತಿ, ಎತ್ತಿ, ಪಕ್ಕದಲ್ಲಿ ಮತ್ತೆ ಒತ್ತಿ. ಮೊದಲು ಬ್ಲಾಕ್ ಮುಚ್ಚಿರುವಾಗಲೇ ಹೊಲಿಗೆಯ ಮೇಲೆ ಒಮ್ಮೆ ಒತ್ತಿದರೆ ದಾರ ಬಟ್ಟೆಯೊಳಗೆ ಕೂರುತ್ತೆ. ಆಮೇಲೆ ಬಿಡಿಸಿ, ಹೊಲಿಗೆಯ ಮಡಿಕೆಯನ್ನು ಗಾಢಬಣ್ಣದ ಕಡೆ ಮಲಗಿಸಿ. ತಿಳಿಬಣ್ಣದ ಕೆಳಗೆ ಮಲಗಿಸಿದರೆ ನೆರಳು ಕಾಣುತ್ತೆ, ತೆಳು ಸೀರೆಯಲ್ಲಂತೂ ಎದ್ದು ಕಾಣುತ್ತೆ. ಪಕ್ಕಪಕ್ಕದ ಎರಡು ಬ್ಲಾಕಿನ ಮಡಿಕೆ ಎದುರುಬದುರು ಮಲಗಿದ್ದರೆ ಹೊಲಿಗೆಗಳು ಒಂದಕ್ಕೊಂದು ತಾವೇ ಹಲ್ಲು ಕಚ್ಚಿ ಕೂರುತ್ತವೆ, ಪಿನ್ ಕೂಡ ಬೇಡ.

ಗಿರಗಿಟ್ಲೆಯ ನಡುವಿನ ಗಂಟಿಗೂ ಮದ್ದಿದೆ. ಕೊನೆಯ ಉದ್ದ ಹೊಲಿಗೆ ಆದ ಮೇಲೆ, ಬೆನ್ನಿನ ಕಡೆ, ಆ ಹೊಲಿಗೆಯಿಂದ ಅಂಚಿನವರೆಗಿನ ಮಡಿಕೆಯಲ್ಲಿ ಉಳಿದಿರುವ ಅಡ್ಡ ಹೊಲಿಗೆಯ ಒಂದೆರಡು ಟಾಕಿ ಬಿಚ್ಚಿ. ಮಡಿಕೆಗಳನ್ನು ಎಲ್ಲ ಒಂದೇ ದಿಕ್ಕಿಗೆ ಸುತ್ತುವ ಹಾಗೆ ಬೆರಳಲ್ಲಿ ತಿರುಗಿಸಿ ಒತ್ತಿ. ಬೆನ್ನಿನ ಮೇಲೂ ಒಂದು ಪುಟಾಣಿ ಗಿರಗಿಟ್ಲೆ ಮೂಡುತ್ತೆ, ಗಂಟು ಹರಡಿ ಚಪ್ಪಟೆಯಾಗುತ್ತೆ.

ಕುಡ್ಲದ ಮಳೆ (ಮಂಗಳೂರು)

ನಮ್ಮ ಊರಲ್ಲಿ ಬೇರೆಯೇ ಪಂಚಾಯಿತಿ ಉಂಟು ಮಾರಾಯ್ರೆ. ಒಳಗೆ ಏನು ಹಾಕುತ್ತೀರಿ? ಆನ್‌ಲೈನಲ್ಲಿ ಸಿಗುವ ಪಾಲಿಯೆಸ್ಟರ್ ಶೀಟು ಹಾಕಿದರೆ ಇಲ್ಲಿ ಸೆಕೆಗೆ ಯಾರೂ ಹೊದ್ದುಕೊಳ್ಳುವುದಿಲ್ಲ. ದಪ್ಪ ಹತ್ತಿ ಹಾಕಿದರೆ ಮಳೆಗಾಲದಲ್ಲಿ ಒಣಗುವುದಿಲ್ಲ, ವಾಸನೆ. ನಾನು ಒಂದು ಹಳೆ ಪಂಚೆ ಮಾತ್ರ ನಡುವೆ ಹಾಕುವುದು. ತೆಳು, ಒಗೆದರೆ ಬೇಗ ಒಣಗುತ್ತದೆ. ಮೈಸೂರಿನ ಚಳಿಗೆ ಎರಡು ಪದರ ಹಾಕಿ, ಸಾಕು.

ಮೇಲೆ ಜೋಡಿಸಿದ್ದು, ನಡುವಿನದು, ಹಿಂಬದಿ, ಈ ಮೂರು ಪದರ ಸೇರಿಸುವಾಗ ನಡುವಿನಿಂದ ಹೊರಕ್ಕೆ ಒಂದೊಂದು ಗೇಣಿಗೆ ಸೇಫ್ಟಿ ಪಿನ್ ಹಾಕುತ್ತ ಬನ್ನಿ. ಕಾಲಿನ ಮೆಷಿನಿನಲ್ಲಿ ದೊಡ್ಡ ಕ್ವಿಲ್ಟ್ ತೂರಿಸುವುದು ರಗಳೆ. ಕರ್ಣಗಳ ಪಕ್ಕ ಕಾಲು ಇಂಚಿಗೆ ಕೈಯಲ್ಲೇ ಹೊಲಿಗೆ ಹಾಕಿ. ಅದೂ ಬೇಡವೆಂದಾದರೆ ಬ್ಲಾಕುಗಳು ಕೂಡುವ ಮೂಲೆಗಳಲ್ಲಿ ದಪ್ಪ ದಾರ ತೂರಿಸಿ ಗಂಟು ಹಾಕಿ ಬಿಡಿ. ಗಂಟು ಹಾಕಿದ ಕ್ವಿಲ್ಟ್ ಕೂಡ ಕ್ವಿಲ್ಟೇ.

ಸೂಜಿಮೊನೆ (ಮೈಸೂರು)

ಗುಣಾಕಾರದ ಚಿಹ್ನೆ ಸಿಕ್ಕಿತು! ಇಷ್ಟು ದಿನ ನಾನು ಆ ಬದಿಯನ್ನು ಕೆಳಗಿಟ್ಟೇ ಹೊಲಿಯುತ್ತಿದ್ದೆ. ಈಗ ಲೆಕ್ಕ ಹೇಳಿ: ಅಗಲ 60 ಇಂಚು, ಉದ್ದ 84 ಇಂಚು. ಬಟ್ಟೆ ಎಷ್ಟು ಬೇಕು? ಸೀರೆಗಳೆಲ್ಲ ಹೆಚ್ಚುಕಮ್ಮಿ ಗಾಢ ಬಣ್ಣದವು. ತಿಳಿಬಣ್ಣಕ್ಕೆ ಹೊಸ ಬಟ್ಟೆ ಕೊಳ್ಳಬೇಕು. ಜೊತೆಗೆ ಗುಳೇದಗುಡ್ಡದ ಖಣದ ತುಂಡುಗಳೂ ಕೆಲವು ಇವೆ, ಸೇರಿಸಬಹುದೇ?

ಲೆಕ್ಕದ ಟೇಪು (ಬೆಂಗಳೂರು)

6 ಇಂಚಿನ ಬ್ಲಾಕ್ ಇಟ್ಟುಕೊಳ್ಳಿ. ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140. ಒಂದು ಜೋಡಿ ಚೌಕಕ್ಕೆ ಎರಡು ಬ್ಲಾಕ್ ಬರುವುದರಿಂದ 7 ಇಂಚಿನ 70 ತಿಳಿ ಚೌಕ, 70 ಗಾಢ ಚೌಕ. (4 ಇಂಚಿಗೆ ಹೋದರೆ 315 ಬ್ಲಾಕ್. ಮೊದಲ ಕ್ವಿಲ್ಟಿಗೆ ಬೇಡ, ಕೊಡಗಿನವರು ನಗುತ್ತಾರೆ.)

44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಅಡ್ಡಕ್ಕೆ 7 ಇಂಚಿನ ಆರು ಚೌಕ ಕೂರುತ್ತವೆ. 70 ಚೌಕಕ್ಕೆ 12 ಪಟ್ಟಿ, 84 ಇಂಚು, ಅಂದರೆ 2.13 ಮೀಟರ್. ನೆನೆಸಿದಾಗ ಕುಗ್ಗುವುದನ್ನೂ ಲೆಕ್ಕ ಹಿಡಿದು ತಿಳಿಬಣ್ಣ ಎರಡೂವರೆ ಮೀಟರ್ ತನ್ನಿ.

ಹಿಂಬದಿಗೆ ಸುತ್ತ 4 ಇಂಚು ಹೆಚ್ಚಿಗೆ ಇರಬೇಕು, ಅಂದರೆ 68 ಅಗಲ, 92 ಉದ್ದ. ಇದಕ್ಕೆ ಬಟ್ಟೆ ಕೊಳ್ಳಬೇಡಿ. ಗಟ್ಟಿ ಉಳಿದಿರುವ ಐದೂವರೆ ಮೀಟರಿನ ಒಂದು ಸೀರೆ ತೆಗೆದು 92 ಇಂಚಿನ ಎರಡು ಭಾಗ ಮಾಡಿ, ಉದ್ದಕ್ಕೆ ಸೇರಿಸಿ. ಅಗಲ ಸಾಲದೇ ಹೋಗುವ ಮಾತೇ ಇಲ್ಲ, ಸೆರಗೂ ಉಳಿಯುತ್ತದೆ. ಅಂಚು ಕಟ್ಟಲು ಎರಡೂವರೆ ಇಂಚಿನ ಎಂಟು ಪಟ್ಟಿ ಬೇಕು, ಅರ್ಧ ಮೀಟರಿಗಿಂತ ತುಸು ಹೆಚ್ಚು.

ಹಾಸನ ಟೈಲರ್

ಸೀರೆ ಆರಿಸುವಾಗ ಕಿಟಕಿಗೆ ಹಿಡಿದು ನೋಡಿ. ಬೆಳಕು ಜರಡಿ ಥರ ತೂರಿ ಬಂದರೆ ಆ ಭಾಗ ಬಿಡಿ. ನೆರಿಗೆ ಮಡಿಕೆ ಬೀಳುವ ಜಾಗ, ಹೊಕ್ಕುಳ ಹತ್ತಿರ ಸಿಕ್ಕಿಸುವ ಜಾಗ ಮೊದಲು ಸವೆದಿರುತ್ತೆ. ಸೆರಗಿನ ಕಡೆ, ಒಳ ಅಂಚಿನ ಕಡೆ ಸಾಮಾನ್ಯವಾಗಿ ಗಟ್ಟಿ ಇರುತ್ತೆ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಾಗ ಚರ್ ಅಂದರೆ ಅದು ಹೊದಿಕೆಗಲ್ಲ, ಕೌದಿಯ ಹೊಟ್ಟೆಗೆ. ಪಾಲಿಯೆಸ್ಟರ್ ಮಿಕ್ಸ್ ಸೀರೆಯನ್ನ ಹತ್ತಿ ಜೊತೆ ಬೆರೆಸಬೇಡಿ. ಹತ್ತಿಗೆ ಬೇಕಾದ ಶಾಖಕ್ಕೆ ಅದು ಮುದುಡುತ್ತೆ.

ಜರಿ ಅಂಚನ್ನೂ ಬಿಡಿ ಮೇಡಂ. ಸೂಜಿ ಹಾಳು, ಆಮೇಲೆ ಮೈಗೆ ಚುಚ್ಚುತ್ತೆ.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ಬಣ್ಣ ಆರಿಸುವಾಗ ಕೆಂಪು, ನೀಲಿ, ಹಸಿರು ಅಂತ ನೋಡಬೇಡಿ. ಎಚ್‌ಎಸ್‌ಟಿಗೆ ಬೇಕಿರುವುದು ತಿಳಿ ಮತ್ತು ಗಾಢ, ಅಷ್ಟೇ. ಎಲ್ಲ ಬಟ್ಟೆಯನ್ನೂ ನೆಲದ ಮೇಲೆ ಹರಡಿ ಫೋನಿನಲ್ಲಿ ಫೋಟೋ ತೆಗೆದು ಅದನ್ನು ಕಪ್ಪುಬಿಳುಪು ಮಾಡಿ ನೋಡಿ. ಹಸಿರು ಮತ್ತು ಕೆಂಪು ಎರಡೂ ಒಂದೇ ಬೂದು ಕಂಡರೆ ಅವನ್ನು ಒಂದೇ ಬ್ಲಾಕಿನಲ್ಲಿ ಹಾಕಬೇಡಿ, ಕರ್ಣವೇ ಕಾಣದೆ ಹೋಗುತ್ತೆ. ಕಣ್ಣಿಗೆ ಎಷ್ಟೇ ಬೇರೆ ಅನ್ನಿಸಿದರೂ ಸರಿ.

ಜೋಡಿಸುವುದನ್ನು ಈಗಲೇ ತೀರ್ಮಾನಿಸಬೇಡಿ. ಅದೇ 140 ಬ್ಲಾಕನ್ನು ಒಂದು ರೀತಿ ತಿರುಗಿಸಿದರೆ ಗಿರಗಿಟ್ಲೆ, ಇನ್ನೊಂದು ರೀತಿ ತಿರುಗಿಸಿದರೆ ಅಂಕುಡೊಂಕು ಪಟ್ಟೆ, ಮತ್ತೊಂದು ರೀತಿಯಲ್ಲಿ ನಡುವಿನಿಂದ ಹರಡುವ ವಜ್ರಾಕಾರದ ಉಂಗುರಗಳು. ಈ ಕೊನೆಯದನ್ನು ಇಲ್ಲಿ ಬಾರ್ನ್ ರೇಝಿಂಗ್ ಅನ್ನುತ್ತಾರೆ. ಊರವರೆಲ್ಲ ಸೇರಿ ಕೊಟ್ಟಿಗೆಯ ಚೌಕಟ್ಟು ಎತ್ತುವ ಕೆಲಸದ ಹೆಸರು ಅದು. ನಿಮ್ಮದು ಅಡ್ಡಕ್ಕೂ ಉದ್ದಕ್ಕೂ ಸಮಸಂಖ್ಯೆ ಇರುವುದರಿಂದ ಅದು ನಡುವಿಗೆ ಸರಿಯಾಗಿ ಕೂರುತ್ತೆ. ನನ್ನ ಓಟು ಅದಕ್ಕೇ. ಗಿರಗಿಟ್ಲೆ ಇಡೀ ಕ್ವಿಲ್ಟಿಗೆ ಹಾಕಿದರೆ ಕಣ್ಣು ಸುತ್ತುತ್ತೆ, ಮೇಲಾಗಿ 35 ಗಂಟುಗಳನ್ನು ಬಿಚ್ಚಿ ತಿರುಗಿಸಬೇಕು!

ಹಾಸಿಗೆಯ ಮೇಲೆ ಹರಡಿ, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿ. ಹೊಲಿಯುವ ಮುಂಚೆ ಪ್ರತಿ ಸಾಲಿಗೂ ಒಂದು ಚೀಟಿ ಪಿನ್ ಮಾಡಿ, ಇಲ್ಲದಿದ್ದರೆ ಒಂದು ಬ್ಲಾಕ್ ತಿರುಗಿಹೋದದ್ದು ಅಂಚು ಕಟ್ಟಿದ ಮೇಲೇ ಕಾಣುವುದು.

ಕಾಫಿತೋಟ (ಕೊಡಗು)

ಒಂದು ಬ್ಲಾಕ್ ತಿರುಗಿದ್ದರೆ ಬಿಡಿ. ನಮ್ಮನೆಯಲ್ಲಿ ಅದನ್ನು ಹುಡುಕುವುದೇ ಮಕ್ಕಳಿಗೆ ಆಟ.

ಹುಬ್ಬಳ್ಳಿ ಅತ್ತಿ

ಖಣ ಕೇಳಿದ್ದಿ, ಅದಕ್ಕ ನಾ ಹೇಳತೀನಿ. ಖಣ ಮೈ ಹೊಳಪ ಇರತದ, ಆದ್ರ ಅಂಚು ಬಿಡತದ. ಕತ್ತರಿಸಿದ ಕೂಡಲೇ ಎಳಿ ಎಳಿ ಉದರತದ, ನಿಮ್ಮ ಕಾಲು ಇಂಚಿನ ಹೊಲಿಗಿ ಎರಡ ಒಗೆತಕ್ಕ ಬಿಚ್ಚಿಕೊಂಡ ಹೋಗತದ. ಹಾಕಲೇಬೇಕಂದ್ರ ಹಿಂದ ತೆಳು ಹತ್ತಿ ಅರಿವಿ ಇಟ್ಟು, ಎರಡೂ ಕೂಡಿಸಿ ಒಂದ ಅಂತ ತಿಳಕೊಂಡು ಚೌಕ ಕತ್ತರಿಸು. ನಡುವ ನಾಕು ಬ್ಲಾಕಿಗೆ ಇಷ್ಟ ಹಾಕು, ಛಂದ ಕಾಣತದ. ತುಂಬ ಹಾಕಿದ್ರ ಒಗಿಯೂದು ಕಠಿಣ.

ಕೆಂಪು ಬಣ್ಣದ್ದು ಏನಿದ್ರೂ ಮೊದಲ ನೀರಾಗ ತೋಯಿಸಿ ನೋಡು. ಹಸಿ ಇದ್ದಾಗ ಮ್ಯಾಲ ಒಂದು ಬಿಳಿ ಧೋತರದ ತುಂಡು ಇಟ್ಟು ಇಸ್ತ್ರಿ ಒತ್ತು. ಬಿಳಿಗೆ ಬಣ್ಣ ಹತ್ತಿತಂದ್ರ ಮತ್ತ ಒಗಿ, ಮತ್ತ ನೋಡು. ಮೂರನೇ ಸಲನೂ ಬಿಟ್ಟರ ಆ ತುಂಡು ಬ್ಯಾಡ. ಇಲ್ಲಂದ್ರ ನಿನ್ನ ಎರಡೂವರೆ ಮೀಟರ್ ಹೊಸಾ ತಿಳಿ ಅರಿವಿ ಎಲ್ಲಾ ಗುಲಾಬಿ ಆಗತದ.

ಸೂಜಿಮೊನೆ (ಮೈಸೂರು)

ಅತ್ತೆ, ತೋಯಿಸಿದೆ. ಎರಡು ಸೀರೆ ಬಣ್ಣ ಬಿಟ್ಟವು, ಒಂದು ಕಡುಕೆಂಪು, ಇನ್ನೊಂದು ನಾನು ಅನುಮಾನವೇ ಪಟ್ಟಿರದ ನೇರಳೆ. ಎರಡನ್ನೂ ಕೌದಿಯ ಗಂಟಿಗೆ ಹಾಕಿದ್ದೇನೆ. ಉಳಿದವಕ್ಕೆ ಗಂಜಿ ಹಾಕಿ ತಂತಿ ಮೇಲೆ ಒಣಹಾಕಿದ್ದೇನೆ. ಅಕ್ರಿಲಿಕ್ ಚೌಕ ನಾಳೆ ಕೊಡುತ್ತೇನೆ ಅಂದಿದ್ದಾರೆ. ಜೋಡಣೆ ಬಾರ್ನ್ ರೇಝಿಂಗೇ ಇರಲಿ.

ಒಂದೇ ಅನುಮಾನ: ಗಂಜಿ ಹಾಕಿದ ಬಟ್ಟೆ ಹೊಲಿದು ಮುಗಿಯುವವರೆಗೆ ತಿಂಗಳುಗಟ್ಟಲೆ ಹಾಗೇ ಇಡಬಹುದೇ?

ಹಾಸನ ಟೈಲರ್

ಇಡಬೇಡಿ. ಗಂಜಿಗೆ ಜಿರಳೆ, ಬೆಳ್ಳಿಹುಳ ಬರುತ್ತವೆ, ಮಳೆಗಾಲದಲ್ಲಿ ಬೂಸ್ಟೂ ಹಿಡಿಯುತ್ತೆ. ಒಂದು ವಾರಕ್ಕೆ ಬೇಕಾದಷ್ಟು ಸೀರೆಗೆ ಮಾತ್ರ ಹಾಕಿ, ಕತ್ತರಿಸಿ ಹೊಲಿದು ಮುಗಿಸಿ, ಆಮೇಲೆ ಮುಂದಿನದ್ದು. ಹೊಲಿದ ಬ್ಲಾಕುಗಳನ್ನ ಡಬ್ಬಿಯಲ್ಲಿ ಬೇವಿನೆಲೆ ಜೊತೆ ಇಡಿ. ಬಿಡಿ ಬ್ಲಾಕನ್ನ ಮಾತ್ರ ಒಗೆಯೋಕೆ ಹೋಗಬೇಡಿ, ಅಂಚು ಬಿಚ್ಚಿಕೊಳ್ಳುತ್ತೆ. ಪೂರ್ತಿ ಆಗಿ ಅಂಚು ಕಟ್ಟಿದ ಮೇಲೆ ತಣ್ಣೀರಲ್ಲಿ ಒಮ್ಮೆ ಹಿಂಡದೆ ಒಗೆದು, ಹಗ್ಗಕ್ಕೆ ನೇತುಹಾಕದೆ ಚಾಪೆ ಮೇಲೆ ಹರಡಿ ಒಣಗಿಸಿ. ಒದ್ದೆ ಭಾರಕ್ಕೆ ಹಳೆ ಸೀರೆ ಹೊಲಿಗೆ ಬದಿಯಲ್ಲೇ ಹರಿಯೋದು.